ಸ್ಪ್ಯಾನರ್‌ಗೆ ಸರ್ಟಿಫಿಕೇಟ್ ಯಾಕೆ ಅನ್ನುವವರಿಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮೂಡಿಗೆರೆ, ಕಳಸದ ಹೋಟೆಲುಗಳಲ್ಲಿ ಒಂದೇ ಚರ್ಚೆ. ಮಗನನ್ನು ಐಟಿಐಗೆ, ಅದರಲ್ಲೂ ಮೋಟಾರ್ ಮೆಕ್ಯಾನಿಕ್ ಟ್ರೇಡಿಗೆ ಹಾಕುತ್ತೇನೆ ಎಂದವನಿಗೆ ಅಕ್ಕಪಕ್ಕದ ಮೇಜಿನವರೂ ಸೇರಿ ಬುದ್ಧಿ ಹೇಳುತ್ತಾರೆ. ಹೇಳುವವರಲ್ಲಿ ನನ್ನ ಸ್ನೇಹಿತರೇ ಹೆಚ್ಚು, ಹಾಗಾಗಿ ಉತ್ತರವೂ ನಾನೇ ಕೊಡಬೇಕು.

‘ಎರಡು ವರ್ಷ ದಂಡ’ ಎನ್ನುವುದು ಮೊದಲ ಮಾತು. ದಿನಕ್ಕೆ 400ರಂತೆ, ತಿಂಗಳಿಗೆ 25 ದಿನ ತೋಟದ ಕೆಲಸಕ್ಕೆ ಹೋದರೂ ಎರಡು ವರ್ಷಕ್ಕೆ 2,40,000 ರೂಪಾಯಿ ಆಗುತ್ತದಂತೆ. ಲೆಕ್ಕ ಸರಿ, ನಾನು ಅಲ್ಲಗಳೆಯುವುದಿಲ್ಲ. ಸರ್ಕಾರಿ ಐಟಿಐಯ ಶುಲ್ಕ ಒಂದು ಮೊಬೈಲ್ ಫೋನಿನ ಬೆಲೆಗಿಂತ ಕಡಿಮೆ, ನಿಜವಾದ ಖರ್ಚು ಈ ಬಿಟ್ಟ ಕೂಲಿಯೇ. ಆದರೆ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಕಾಗದದ ದೆಸೆಯಿಂದ ಮುಂದೆ ತಿಂಗಳಿಗೆ ಐದು ಸಾವಿರ ಹೆಚ್ಚು ಬಂದರೆ ಆ ಹಣ 48 ತಿಂಗಳಲ್ಲಿ ತೀರುತ್ತದೆ. ಹುಡುಗನಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ದುಡಿಮೆಯ ವಯಸ್ಸೆಲ್ಲ ಇನ್ನೂ ಮುಂದಿದೆ.

‘ಐದು ಸಾವಿರ ಹೆಚ್ಚು ಯಾರು ಕೊಡುತ್ತಾರೆ? ಗ್ಯಾರೇಜಿನಲ್ಲಿ ಹೆಲ್ಪರ್ ಆಗಿ ನಿಂತರೆ ಅದೇ ವಿದ್ಯೆ ಪುಕ್ಕಟೆ ಬರುತ್ತದೆ.’ ಇದು ಗಟ್ಟಿ ಆಕ್ಷೇಪ. ನಾನೂ ಹಾಗೇ ನಂಬಿದ್ದೆ.

ಹೋದ ಸಲ ಕುಯ್ಲಿನ ಹೊತ್ತಿಗೆ ನಮ್ಮ ಪಿಕಪ್ ಏರು ಹತ್ತುವುದನ್ನೇ ಬಿಟ್ಟಿತು. ಮೀಟರ್ ಬೋರ್ಡಿನಲ್ಲಿ ಹಳದಿ ದೀಪ. ಗ್ಯಾರೇಜಿನ ಮೇಸ್ತ್ರಿ ಇಪ್ಪತ್ತೈದು ವರ್ಷದ ಕೈ. ಟ್ಯಾಪೆಟ್ ಸದ್ದನ್ನು ರಸ್ತೆಯಾಚೆಯಿಂದಲೇ ಗುರುತಿಸುವ ಮನುಷ್ಯ. ಅವರು ಇಂಜೆಕ್ಟರ್ ಬಿಚ್ಚಬೇಕು ಎಂದರು. ಅಲ್ಲಿಗೆ ಹೊಸದಾಗಿ ಸೇರಿದ್ದ ಐಟಿಐ ಹುಡುಗ ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ತಂತಿ ಸಿಕ್ಕಿಸಿ, ‘ಅಣ್ಣ, ಗಾಡಿ ಹೈವೇಲಿ ಓಡಿಸಿ ಎಷ್ಟು ದಿನ ಆಯ್ತು?’ ಎಂದು ಕೇಳಿದ. ಎರಡು ತಿಂಗಳಾಗಿತ್ತು. ತೋಟದಿಂದ ಕಣಕ್ಕೆ, ಕಣದಿಂದ ತೋಟಕ್ಕೆ, ಫಸ್ಟ್–ಸೆಕೆಂಡ್ ಗೇರಿನಲ್ಲೇ. ಬಿಎಸ್‌6 ಡೀಸೆಲ್ ಗಾಡಿಯ ಸೈಲೆನ್ಸರ್ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿಯೊಂದಿದೆ, ಡಿಪಿಎಫ್. ಗಾಡಿ ಒಂದಷ್ಟು ಹೊತ್ತು ಬಿಸಿಯಾಗಿ ಓಡಿದರೆ ಮಸಿ ತಾನೇ ಉರಿದುಹೋಗುತ್ತದೆ, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಹುಡುಗ ಸ್ಕ್ಯಾನರ್‌ನಿಂದಲೇ ಅದನ್ನು ಉರಿಸಿ ತೆಗೆದ. ಮೇಸ್ತ್ರಿ ಹುಡುಗನ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ.

ಸ್ಕ್ಯಾನರ್ ಹಿಡಿಯುವುದನ್ನು ಐಟಿಐಯೇ ಕಲಿಸಿತೆ? ಇಲ್ಲ. ಅಲ್ಲಿ ಅವನು ಕಲಿತದ್ದು ವೈರಿಂಗ್ ನಕ್ಷೆ ಓದುವುದು, ಮಲ್ಟಿಮೀಟರ್ ಹಿಡಿಯುವುದು. ಉಳಿದದ್ದನ್ನು ಒಂದು ಕಂಪನಿ ಶೋರೂಮಿನಲ್ಲಿ ಕಲಿತ. ಆ ಶೋರೂಮಿನವರು ಒಳಗೆ ಬಿಟ್ಟುಕೊಂಡದ್ದು ಕಾಗದ ನೋಡಿ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ಗಾಡಿಗಳೆಲ್ಲ ಬಿಎಸ್‌6. ಗ್ಯಾರಂಟಿ ಮುಗಿದ ಮೇಲೆ ಅವು ಬರುವುದು ನಮ್ಮೂರಿನ ಗ್ಯಾರೇಜಿಗೇ.

‘ಕೆಲಸ ಎಲ್ಲಿದೆ?’ ಕೆಎಸ್‌ಆರ್‌ಟಿಸಿ ಡಿಪೋದ ತಾಂತ್ರಿಕ ಸಹಾಯಕ ಹುದ್ದೆಗೆ ಐಟಿಐ ಕೇಳುತ್ತಾರೆ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಹತ್ತನೇ ತರಗತಿಯ ಜೊತೆ ಐಟಿಐ ಇದ್ದವರು ಅರ್ಜಿ ಹಾಕಬಹುದು, ಮೋಟಾರ್ ಮೆಕ್ಯಾನಿಕ್ ಟ್ರೇಡ್ ಅದರಲ್ಲಿ ಸೇರಿದೆ. ಮೂಲವೇತನ 19,900ರಿಂದ ಶುರು. ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ, ಒಪ್ಪಿದೆ. ಆದರೆ ಗ್ಯಾರೇಜಿನಲ್ಲಿ ಹತ್ತು ವರ್ಷ ಪಳಗಿದವನಿಗೆ ಅರ್ಜಿ ಹಾಕುವ ಅವಕಾಶವೇ ಇಲ್ಲ. ಕೊಪ್ಪದ ಸಹಕಾರ ಸಾರಿಗೆ ನಮ್ಮ ಕಣ್ಣೆದುರಿನ ಪಾಠ. 1991ರಲ್ಲಿ ಕಾರ್ಮಿಕರೇ ಕೂಡಿ ಕಟ್ಟಿ, ಮಲೆನಾಡಿನ ಮೂಲೆಮೂಲೆಗೆ ಬಸ್ ಓಡಿಸಿದ ಸಂಸ್ಥೆ 2020ರಲ್ಲಿ ನಿಂತೇಹೋಯಿತು. ಅಂಥ ಹೊತ್ತಿನಲ್ಲಿ ಕೈಯಲ್ಲಿ ಎಷ್ಟು ಕೆಲಸವಿದ್ದರೂ ಮುಂದಿನ ಬಾಗಿಲಲ್ಲಿ ಮೊದಲು ಕೇಳುವುದು ಕಾಗದ.

ಒಂದು ಕಡೆ ವಿರೋಧಿಗಳ ಜೊತೆ ನಾನೂ ಇದ್ದೇನೆ. ಲಕ್ಷಗಟ್ಟಲೆ ಕೇಳುವ, ಎಂಜಿನ್ನೇ ಇಲ್ಲದ ವರ್ಕ್‌ಶಾಪಿನ ಖಾಸಗಿ ಸಂಸ್ಥೆಗೆ ದುಡ್ಡು ಸುರಿಯುವುದಕ್ಕಿಂತ ಹೆಲ್ಪರ್ ಆಗುವುದೇ ವಾಸಿ. ಸೇರುವ ಮೊದಲು ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಮಾನ್ಯತೆ ಇದೆಯೇ ನೋಡಿ. ವರ್ಕ್‌ಶಾಪಿಗೂ ಹೋಗಿ ನೆಲದ ಮೇಲೆ ಆಯಿಲ್ ಕಲೆ ಇದೆಯೇ ನೋಡಿ. ಕಲೆಯಿಲ್ಲದಿದ್ದರೆ ಅಲ್ಲಿ ಯಾರೂ ಏನೂ ಬಿಚ್ಚಿಲ್ಲ.

‘ಎಲೆಕ್ಟ್ರಿಕ್ ಗಾಡಿ ಬಂದರೆ ಮೆಕ್ಯಾನಿಕ್ ಮನೆಗೆ’ ಎನ್ನುವವರು ಚಾರ್ಮಾಡಿ ಘಾಟಿ ಇಳಿದು ನೋಡಲಿ. ಬ್ಯಾಟರಿ ಗಾಡಿಗೂ ಬ್ರೇಕ್ ಪ್ಯಾಡ್, ಬೇರಿಂಗ್, ಬುಷ್ ಇವೆ. ಐಟಿಐಯಲ್ಲಿ ವಿದ್ಯುತ್ ವಾಹನದ ಮೆಕ್ಯಾನಿಕ್ ಟ್ರೇಡ್ ಆಗಲೇ ಬಂದಾಗಿದೆ.

ಕೊನೆಯದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಬೆಳೆಗಾರ ಮಿತ್ರರೊಬ್ಬರು ಧ್ವನಿ ತಗ್ಗಿಸಿ ಹೇಳಿದರು: ‘ತೋಟದ ರೈಟರ್ ಮಗನಿಗಾದರೆ ಸರಿ, ನಮ್ಮ ಹುಡುಗನಿಗೆ ಬೇಡ ಮಾರಾಯ.’ ಅವರ ಹುಡುಗ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಮೂರನೇ ವರ್ಷವೂ ಕೋಚಿಂಗ್ ಕ್ಲಾಸಿಗೆ ಹೋಗುತ್ತಿದ್ದಾನೆ, ಬಾಡಿಗೆ ಇವರೇ ಕಳಿಸುತ್ತಾರೆ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಜನವರಿಯಲ್ಲಿ ಅವರ ಕಾಫಿ ಪಲ್ಪರ್ ಎಂಜಿನ್ ನಿಂತಿತು. ಕುಯ್ದ ಹಣ್ಣು ರಾತ್ರಿ ಕಳೆದರೆ ಹುಳಿಯುತ್ತದೆ. ಸಂಜೆ ಆರಕ್ಕೆ ನನಗೆ ಫೋನು ಬಂತು: ‘ನಿಮ್ಮ ಆ ಐಟಿಐ ಹುಡುಗನ ನಂಬರ್ ಕೊಡಿ.’