ಅಧ್ಯಕ್ಷಪದವಿಯೂ ‘ಅನುಭವ’ವೆಂಬ ಶಬ್ದವೂ

ತರ್ಕಶಾಸ್ತ್ರಕ್ಕೆ ಕೈಯಿಟ್ಟ ಬಾಲಕನಿಗೆ ಮೊದಲ ಪಾಠಗಳಲ್ಲಿಯೇ ಸ್ಮೃತಿಗೂ ಅನುಭವಕ್ಕೂ ಇರುವ ಭೇದವನ್ನು ಹೇಳಿಕೊಡುವರು. ಹಿಂದೆ ಕಂಡುದರ ಸಂಸ್ಕಾರವೊಂದರಿಂದಲೇ ಮನಸ್ಸಿನಲ್ಲಿ ಮತ್ತೆ ಏಳತಕ್ಕದ್ದು ಸ್ಮೃತಿಯು. ಎದುರಿಗಿರುವ ವಸ್ತುವನ್ನು ಹೊಸದಾಗಿ ಅರಿಯುವುದು ಅನುಭವವು. ಹನ್ನೆರಡು ವರ್ಷದ ಹುಡುಗನು ಎರಡು ದಿನದಲ್ಲಿ ಕಲಿಯುವ ಈ ಭೇದವು ರಾಜ್ಯಭಾರದ ವಿಚಾರ ಬಂದಾಗ ಪ್ರೌಢರಿಗೂ ಮರೆತುಹೋಗುವುದುಂಟು. ಬಹುಕಾಲ ಅಧಿಕಾರದಲ್ಲಿದ್ದವರನ್ನು ಅನುಭವಿಗಳೆಂದು ಕರೆಯುವುದು ಲೋಕರೂಢಿಯು. ಅವರಲ್ಲಿರುವುದು ಅನುಭವವೋ ಬರಿಯ ಸ್ಮೃತಿಯೋ ಎಂದು ಕೇಳುವವರು ವಿರಳ. ಕೇಳದೆ ಹೋದರೆ ಏನಾಗುವುದೆಂಬುದನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1960ರಲ್ಲಿ ನಡೆದ ಅಧ್ಯಕ್ಷರ ಚುನಾವಣೆಯೂ ಅದರ ಮುಂದಿನ ಎರಡು ವರ್ಷಗಳೂ ತೋರಿಸಿಕೊಟ್ಟಿವೆ.

ಆ ವರ್ಷ ಡೆಮೊಕ್ರಾಟಿಕ್ ಪಕ್ಷದ ಉಮೇದುವಾರರಾಗಿ ನಿಂತವರು ಜಾನ್ ಕೆನೆಡಿಯವರು, ವಯಸ್ಸು 43. ರಿಪಬ್ಲಿಕನ್ ಪಕ್ಷದಿಂದ ನಿಂತವರು ಎಂಟು ವರ್ಷ ಉಪಾಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್‌ರವರು, ವಯಸ್ಸು 47. ನಿಕ್ಸನ್ ಪಕ್ಷದವರ ಪ್ರಚಾರವೆಲ್ಲವೂ ಬಹುಮಟ್ಟಿಗೆ ‘ಅನುಭವ’ವೆಂಬ ಒಂದು ಶಬ್ದದ ಮೇಲೆಯೇ ನಿಂತಿದ್ದಿತು. ಎದುರಾಳಿಯು ಹುಡುಗನು, ಸುಂದರನು, ಧನಿಕನ ಮಗನು, ಮಾತಿನಲ್ಲಿ ಚತುರನು. ರಷ್ಯದ ಕ್ರುಶ್ಚೇವರ ಮುಂದೆ ಇಂತಹವನನ್ನು ನಿಲ್ಲಿಸಬಹುದೇ ಎಂಬುದು ಅವರ ವಾದದ ಸಾರವು. ಆದರೆ ಈ ‘ಹುಡುಗ’ನೂ ಆ ‘ಅನುಭವಿ’ಯೂ ಪ್ರತಿನಿಧಿ ಸಭೆಯನ್ನು ಮೊಟ್ಟಮೊದಲು ಪ್ರವೇಶಿಸಿದ್ದು 1947ರ ಜನವರಿಯಲ್ಲಿ, ಒಟ್ಟಿಗೆ. ಇಬ್ಬರಿಗೂ ವಯಸ್ಸಿನಲ್ಲಿ ನಾಲ್ಕು ವರ್ಷ ಚಿಲ್ಲರೆ ಅಂತರ. ಇಷ್ಟು ಸಣ್ಣ ಅಂತರವನ್ನು ತಾತ ಮೊಮ್ಮಕ್ಕಳ ಅಂತರವೆಂಬಂತೆ ವರ್ಣಿಸಿದ ಪ್ರಚಾರಕರ ಚಾತುರ್ಯವನ್ನು ಮೆಚ್ಚಲೇಬೇಕು.

ಪ್ರತಿಪಕ್ಷದವರ ಮಾತು ಹಾಗಿರಲಿ. ಸ್ವಪಕ್ಷದ ಹಿರಿಯರಾದ ಮಾಜಿ ಅಧ್ಯಕ್ಷ ಟ್ರೂಮನ್‌ರವರೇ 1960ರ ಜುಲೈ 2ರಂದು ಪತ್ರಿಕಾಪ್ರತಿನಿಧಿಗಳನ್ನು ಕರೆದು, ಈ ತರುಣರು ದೇಶದ ಭಾರವನ್ನು ಹೊರಲು ಸಿದ್ಧರಾಗಿರುವರೇ, ದೇಶವು ಇವರಿಗಾಗಿ ಸಿದ್ಧವಾಗಿದೆಯೇ ಎಂದು ಬಹಿರಂಗವಾಗಿಯೇ ಪ್ರಶ್ನಿಸಿದರು. ವಿಶ್ವಾಮಿತ್ರನು ರಾಮನನ್ನು ಕೇಳಿದಾಗ, ಮಗುವಿಗೆ ಇನ್ನೂ ಹದಿನಾರು ತುಂಬಿಲ್ಲವೆಂದು ದಶರಥನು ನಡುಗಿದನು. ಅದು ಪುತ್ರವಾತ್ಸಲ್ಯ, ಕ್ಷಮಾರ್ಹವು. ಟ್ರೂಮನ್‌ರವರಲ್ಲಿದ್ದುದು ವಾತ್ಸಲ್ಯವಲ್ಲ, ಅವರ ಮನಸ್ಸು ಬೇರೊಬ್ಬ ಉಮೇದುವಾರರ ಮೇಲಿದ್ದಿತು. ಅದೂ ಹೋಗಲಿ, 1945ರ ಏಪ್ರಿಲ್ 12ರಂದು ರೂಸ್‌ವೆಲ್ಟರು ತೀರಿಕೊಂಡು ಅಧ್ಯಕ್ಷಪದವಿಯು ತಮ್ಮ ತಲೆಯ ಮೇಲೆ ಬಿದ್ದಾಗ ಇವರು ಉಪಾಧ್ಯಕ್ಷರಾಗಿ 82 ದಿನಗಳಾಗಿದ್ದುವು. ಪರಮಾಣು ಬಾಂಬಿನ ವಿವರವನ್ನು ಇವರಿಗೆ ತಿಳಿಸಿದ್ದು ಆಮೇಲೆ. ಅಂತಹವರು ಇನ್ನೊಬ್ಬರ ಅನುಭವವನ್ನು ಅಳೆಯಲು ಹೊರಟುದು ವಿನೋದವೇ ಸರಿ.

ಆದರೆ ಕೆನೆಡಿಯವರು ಎರಡು ದಿನಗಳ ಮೇಲೆ ಕೊಟ್ಟ ಉತ್ತರವೂ ನಿರ್ದುಷ್ಟವಲ್ಲ. 44 ವರ್ಷಕ್ಕಿಂತ ಕಿರಿಯರನ್ನೆಲ್ಲ ಹೊರಗಿಟ್ಟಿದ್ದರೆ ಜೆಫರ್ಸನ್ನರು ಸ್ವಾತಂತ್ರ್ಯಘೋಷಣೆಯನ್ನು ಬರೆಯುತ್ತಿರಲಿಲ್ಲ, ವಾಷಿಂಗ್ಟನ್ನರು ಸೇನಾಪತಿಯಾಗುತ್ತಿರಲಿಲ್ಲ, ಕೊಲಂಬಸನು ಅಮೆರಿಕವನ್ನು ಕಾಣುತ್ತಿರಲಿಲ್ಲ ಎಂದು ಅವರು ಹೇಳಿದರು. ಸಭೆಯು ಚಪ್ಪಾಳೆ ತಟ್ಟುವ ಮಾತು. ಆದರೆ ಇಲ್ಲಿ ದೃಷ್ಟಾಂತವುಂಟು, ಹೇತುವಿಲ್ಲ. ಜೆಫರ್ಸನ್ನರು 33ರಲ್ಲಿ ಸಮರ್ಥರಾಗಿದ್ದರೆ ಅದು ಜೆಫರ್ಸನ್ನರ ಸಾಮರ್ಥ್ಯ. ಅದರಿಂದ ಮಸಾಚುಸೆಟ್ಸಿನ ಸೆನೆಟ್ ಸದಸ್ಯರಿಗೆ ಏನು ಸಿದ್ಧಿಸಿತು? ತಾರುಣ್ಯವು ಅಯೋಗ್ಯತೆಯಲ್ಲವೆಂದು ತೋರಿಸಿದ ಮಾತ್ರಕ್ಕೆ ಅದು ಯೋಗ್ಯತೆಯಾಗಲಾರದು.

ಅತ್ತ ನಿಕ್ಸನ್‌ರವರ ಅನುಭವದ ಕೋಟೆಗೆ ಬಿರುಕು ಬಿಟ್ಟದ್ದು ಅವರ ಯಜಮಾನರ ಬಾಯಿಂದಲೇ. ಆಗಸ್ಟ್ 24ರಂದು ಅಧ್ಯಕ್ಷ ಐಸೆನ್‌ಹೋವರರನ್ನು ಪತ್ರಿಕೆಯವರು, ಉಪಾಧ್ಯಕ್ಷರು ಕೊಟ್ಟು ತಾವು ಅಂಗೀಕರಿಸಿದ ಮುಖ್ಯವಾದ ಸಲಹೆಯೊಂದನ್ನು ಹೇಳಬೇಕೆಂದು ಕೇಳಿದರು. ಒಂದು ವಾರ ಅವಕಾಶ ಕೊಟ್ಟರೆ ಒಂದಾದರೂ ನೆನಪಾದೀತು ಎಂದು ಅವರು ಉತ್ತರವಿತ್ತರು. ಎಂಟು ವರ್ಷ ಪಕ್ಕದಲ್ಲಿ ಕುಳಿತುದು ಸತ್ಯ. ಅಲ್ಲಿ ಏನು ಮಾಡಿದರೆಂಬ ಪ್ರಶ್ನೆಗೆ ಸ್ವಾಮಿಗೇ ಉತ್ತರ ತೋಚಲಿಲ್ಲ.

ಇನ್ನು ಆಕರ್ಷಣೆಯ ವಿಷಯ. ಸೆಪ್ಟೆಂಬರ್ 26ರ ರಾತ್ರಿ ಶಿಕಾಗೋ ನಗರದಲ್ಲಿ ಇಬ್ಬರೂ ಟೆಲಿವಿಷನ್ನಿನಲ್ಲಿ ಎದುರುಬದುರಾಗಿ ವಾದಿಸಿದರು. ಸುಮಾರು 7 ಕೋಟಿ ಜನರು ನೋಡಿದರೆಂದು ಲೆಕ್ಕ. ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆಯಲ್ಲಿ ಮಲಗಿ ಎದ್ದಿದ್ದ ನಿಕ್ಸನ್‌ರವರು ಬಿಳಿಚಿಕೊಂಡು ಬೆವರುತ್ತಿದ್ದರು. ಕೆನೆಡಿಯವರು ಬಿಸಿಲಿನ ಕಾಂತಿಯಿಂದ ಕೂಡಿ ಆರೋಗ್ಯದ ಮೂರ್ತಿಯಂತೆ ತೋರಿದರು. ಆ ‘ತೋರಿದರು’ ಎಂಬ ಕ್ರಿಯಾಪದವನ್ನು ವಾಚಕರು ಗಮನಿಸತಕ್ಕದ್ದು. ಏತಕ್ಕೆಂದರೆ ಅಂದಿನ ಇಬ್ಬರಲ್ಲಿ ನಿಜವಾದ ರೋಗಿಯು ಕೆನೆಡಿಯವರೇ. ಆಡಿಸನ್ನನ ರೋಗವೆಂಬ ಗ್ರಂಥಿವ್ಯಾಧಿಯು ಅವರನ್ನು ಬಹುಕಾಲದಿಂದ ಬಾಧಿಸುತ್ತಿದ್ದಿತು. ಬೆನ್ನಿನ ಶಸ್ತ್ರಚಿಕಿತ್ಸೆಯಲ್ಲಿ ಒಮ್ಮೆ ಪ್ರಾಣಕ್ಕೇ ಸಂಚಕಾರ ಬಂದಿದ್ದಿತು. ಆ ಜುಲೈಯಲ್ಲಿ ಸ್ವಪಕ್ಷದ ಪ್ರತಿಸ್ಪರ್ಧಿಗಳ ಕಡೆಯವರು ಇದನ್ನು ಬಯಲಿಗೆಳೆದಾಗ ಕೆನೆಡಿಯವರ ಕಡೆಯವರು ಅಲ್ಲಗಳೆದರು. ಶುಕ್ತಿಯಲ್ಲಿ ರಜತವನ್ನು ಕಾಣುವ ಭ್ರಾಂತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಪಾಠಶಾಲೆಗಳಲ್ಲಿಯೂ ದೊರೆಯದು. ಇದು ನೋಡಿದವರ ದೋಷ ಮಾತ್ರವಲ್ಲ. ಮತದಾರರಿಗೆ ತಿಳಿಯಬೇಕಾದುದನ್ನು ಮರೆಮಾಡಿದವರ ದೋಷವು. ಕೆನೆಡಿಯವರ ಅಭಿಮಾನಿಗಳು ಈ ಪುಟವನ್ನು ಬೇಗನೆ ಮಗುಚುವರು, ಅದು ನ್ಯಾಯವಲ್ಲ.

ನವೆಂಬರ್ 8ರಂದು ಬಿದ್ದ ಸುಮಾರು 6 ಕೋಟಿ 88 ಲಕ್ಷ ಮತಗಳಲ್ಲಿ, ಸಾಮಾನ್ಯವಾಗಿ ಎಣಿಸುವ ರೀತಿಯಲ್ಲಿ, ಕೆನೆಡಿಯವರಿಗೆ ಬಂದ ಹೆಚ್ಚಿಗೆಯು 1 ಲಕ್ಷ 13 ಸಾವಿರದಷ್ಟು. ಅಂದರೆ ಈ ತೂಕದಲ್ಲಿ ಜನರ ತಕ್ಕಡಿಯು ಯಾವ ಕಡೆಗೂ ವಾಲಲಿಲ್ಲವೆಂದೇ ಹೇಳಬೇಕು.

ತಕ್ಕಡಿಯು ವಾಲಿದ್ದು ಆಮೇಲೆ, ಕಾರ್ಯರಂಗದಲ್ಲಿ. 1961ರ ಏಪ್ರಿಲ್ 17ರಂದು ಸುಮಾರು 1,400 ಮಂದಿ ದೇಶಭ್ರಷ್ಟ ಕ್ಯೂಬನ್ನರು ಅಮೆರಿಕದ ಬೆಂಬಲದಿಂದ ತಮ್ಮ ದ್ವೀಪದ ಹಂದಿಕೊಲ್ಲಿಯಲ್ಲಿ ಇಳಿದು ಮೂರು ದಿನಗಳಲ್ಲಿ ನಾಶವಾದರು. ನೂರಕ್ಕೆ ಮೇಲ್ಪಟ್ಟು ಜನ ಸತ್ತರು, ಸಾವಿರಕ್ಕೂ ಹೆಚ್ಚು ಜನ ಸೆರೆಸಿಕ್ಕರು. ನೋಡಿದಿರಾ, ಅನನುಭವದ ಫಲವು ಎಂದು ಹಿರಿಯರು ತಲೆಯಾಡಿಸಿದರು. ಆದರೆ ಆ ಯೋಜನೆಯು ಯಾರದು? ಐಸೆನ್‌ಹೋವರರ ಕಾಲದಲ್ಲಿಯೇ ಮೊಳೆತುದು. ಅದನ್ನು ಬೆಳೆಸಿದವರು 1953ರಿಂದ ಗುಪ್ತಚಾರ ಇಲಾಖೆಯ ಮುಖ್ಯಸ್ಥರಾಗಿದ್ದ ಆಲೆನ್ ಡಲ್ಲೆಸ್‌ರವರು. ಸೇನಾಮುಖ್ಯರೂ ಅದಕ್ಕೆ ಒಪ್ಪಿಗೆಯಿತ್ತರು. ತರುಣ ಅಧ್ಯಕ್ಷರ ಅಪರಾಧವೇನೆಂದರೆ ಹಿರಿಯರ ಅನುಭವಕ್ಕೆ ತಲೆಬಾಗಿದ್ದು. ಮತದಾರರು ಯಾವುದನ್ನು ಗುಣವೆಂದು ಕೋರಿದ್ದರೋ ಅದೇ ಅಲ್ಲಿ ಮುಳುಗಿಸಿತು. ಹೊಣೆಯನ್ನು ಮಾತ್ರ ಅವರು ಬೇರೊಬ್ಬರ ಮೇಲೆ ಹಾಕಲಿಲ್ಲ.

ಹದಿನೆಂಟು ತಿಂಗಳ ಮೇಲೆ, 1962ರ ಅಕ್ಟೋಬರಿನಲ್ಲಿ, ಅದೇ ಕ್ಯೂಬದಲ್ಲಿ ರಷ್ಯದ ಪರಮಾಣು ಕ್ಷಿಪಣಿಗಳು ಕಂಡುಬಂದುವು. ಸೇನಾಮುಖ್ಯರು ಕೂಡಲೆ ಬಾಂಬಿನ ದಾಳಿ ನಡೆಯಬೇಕೆಂದರು. ಟ್ರೂಮನ್‌ರವರ ಕಾಲದಲ್ಲಿ ವಿದೇಶಾಂಗ ಮಂತ್ರಿಗಳಾಗಿದ್ದು, ಅನುಭವವೆಂಬ ಶಬ್ದಕ್ಕೆ ಮೂರ್ತಿಯಂತಿದ್ದ ಡೀನ್ ಅಚೆಸನ್‌ರವರೂ ದಾಳಿಯನ್ನೇ ಬೋಧಿಸಿದರು. ಈ ಸಲ ಅಧ್ಯಕ್ಷರು ತಲೆಬಾಗಲಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ದಾಳಿಗೆ ಬದಲಾಗಿ ಸಮುದ್ರದ ದಾರಿಯನ್ನು ಕಟ್ಟಿದರು. ತುರ್ಕಿಯಲ್ಲಿದ್ದ ತಮ್ಮ ಕ್ಷಿಪಣಿಗಳನ್ನು ತೆಗೆಯುವೆವೆಂದು ಒಳಗಿಂದೊಳಗೆ ಒಪ್ಪಿದರು. 28ರಂದು ಕ್ರುಶ್ಚೇವರು ಹಿಂದೆಗೆದರು. ಕ್ಯೂಬದಲ್ಲಿ ಆಗಲೇ ರಣರಂಗದಲ್ಲಿ ಪ್ರಯೋಗಿಸತಕ್ಕ ಸಣ್ಣ ಪರಮಾಣು ಅಸ್ತ್ರಗಳೂ ಇದ್ದುವೆಂಬುದು ಮೂವತ್ತು ವರ್ಷಗಳ ಮೇಲೆ, 1992ರಲ್ಲಿ, ಹವಾನದ ಸಭೆಯಲ್ಲಿ ಹೊರಬಿದ್ದಿತು. ಅಚೆಸನ್‌ರವರಿಗಾಗಲಿ ಸೇನಾಮುಖ್ಯರಿಗಾಗಲಿ ಇದು ತಿಳಿದಿರಲಿಲ್ಲ. ಅವರ ನೆನಪಿನಲ್ಲಿದ್ದುದು ಹಿಂದಿನ ಯುದ್ಧವು, ಎದುರಿಗಿದ್ದುದು ಬೇರೆ.

ಕೆನೆಡಿಯವರನ್ನು ಸರ್ವಜ್ಞರೆಂದು ಇದರಿಂದ ಸಾಧಿಸುವಂತಿಲ್ಲ. ವಿಯೆಟ್ನಾಮಿನಲ್ಲಿದ್ದ ಅಮೆರಿಕದ ಸೈನಿಕ ಸಲಹೆಗಾರರು ಅವರ ಕಾಲದಲ್ಲಿ ಸಾವಿರದ ಒಳಗಿನಿಂದ ಸುಮಾರು 16,000ಕ್ಕೆ ಏರಿದರು; ಆ ಲೆಕ್ಕವೂ ಅವರದೇ. ನಿಕ್ಸನ್‌ರವರೋ 1969ರಲ್ಲಿ ಇನ್ನಷ್ಟು ಅನುಭವದೊಡನೆ ಅಧ್ಯಕ್ಷರಾದರು, 1974ರ ಆಗಸ್ಟ್ 9ರಂದು ಪದವಿಯನ್ನು ಬಿಟ್ಟುಕೊಟ್ಟು ಮನೆಗೆ ತೆರಳಿದರು.

ಇಷ್ಟೆಲ್ಲ ನಡೆದ ದೇಶದಲ್ಲಿಯೇ 2008ರಲ್ಲಿ ಅದೇ ಪ್ರಶ್ನೆಯು ಅದೇ ಮಾತುಗಳಲ್ಲಿ ಮತ್ತೆ ಎದ್ದಿತು. ಸೆನೆಟ್ ಸಭೆಯಲ್ಲಿ ನಾಲ್ಕು ವರ್ಷವೂ ತುಂಬದ ಬರಾಕ್ ಒಬಾಮರವರು ಬರಿಯ ಮಾತುಗಾರರೆಂದು ಜಾನ್ ಮೆಕೇನ್‌ರವರ ಪಕ್ಷವು ಸಾರಿತು. ಇರಾಕಿನ ಯುದ್ಧಕ್ಕೆ ಸೆನೆಟ್ ಸಭೆಯು 2002ರ ಅಕ್ಟೋಬರಿನಲ್ಲಿ 77ಕ್ಕೆ 23 ಮತಗಳಿಂದ ಅನುಮತಿಯಿತ್ತಾಗ ಅನುಭವಿಗಳಾದ ಮೆಕೇನ್‌ರವರು ಆ 77ರಲ್ಲಿದ್ದರು. ಒಬಾಮರವರು ಅದೇ ತಿಂಗಳಲ್ಲಿ ಶಿಕಾಗೋ ನಗರದಲ್ಲಿ ನಿಂತು ಬೇಡವೆಂದಿದ್ದರು. ಮತ ಕೊಡುವ ಹೊಣೆ ಇಲ್ಲದವರಿಗೆ ಹಾಗೆನ್ನುವುದು ಸುಲಭವೆಂದು ಎದುರಾಳಿಗಳು ಹೇಳಿದರು. ಅದು ಅಲ್ಲಗಳೆಯತಕ್ಕ ಮಾತಲ್ಲ. ಆದರೆ ಆಗಸ್ಟ್ 29ರಂದು, ತಮ್ಮ 72ನೆಯ ಜನ್ಮದಿನದಂದೇ, ಮೆಕೇನ್‌ರವರು ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿಕೊಂಡದ್ದು ಅಲಾಸ್ಕದ ಗವರ್ನರಾಗಿ ಎರಡು ವರ್ಷವೂ ತುಂಬದಿದ್ದ ಸಾರಾ ಪೇಲಿನ್‌ರವರನ್ನು. ಅಲ್ಲಿಂದ ಮುಂದೆ ‘ಅನುಭವ’ವೆಂಬ ಶಬ್ದವನ್ನು ಎದುರಾಳಿಯ ಮೇಲೆ ಪ್ರಯೋಗಿಸುವುದು ಅವರಿಗೇ ಕಷ್ಟವಾಯಿತು.