ಎಣ್ಣೆ ಮುಗಿದದ್ದು ಯಾರ ಬುಡ್ಡಿಯಲ್ಲಿ?



ಲೋಕದ ಎಣ್ಣೆ ಮುಗೀತಾ ಬಂತು ಅಂತ ಹೆದರಿಸುವವರು ಒಂದು ಕಡೆ. ಎಲ್ಲಿ ಮುಗೀತು, ಬೇಕಾದಷ್ಟಿದೆ ಅಂತ ಮೀಸೆ ತಿರುವುವ ಕಂಪನಿಗಳು ಇನ್ನೊಂದು ಕಡೆ. ಹೊಟ್ಟೆ ತುಂಬಿದವರ ಜಗಳ ಎಂದು ನಾವು ಸುಮ್ಮನಿರುವ ಹಾಗಿಲ್ಲ. ಇಬ್ಬರಲ್ಲಿ ಯಾರು ಗೆದ್ದರೂ ಅದರ ಲೆಕ್ಕ ಬಂದು ಬೀಳುವುದು ಮೂಡಿಗೆರೆ, ಕಳಸದ ಲೈನ್ ಮನೆಗಳ ಮೇಲೆ.

ಮೊದಲು ಅಂಕಿ ನೋಡಿ. 1956ರಲ್ಲಿ ಅಮೆರಿಕದ ಭೂವಿಜ್ಞಾನಿ ಹಬ್ಬರ್ಟ್, ತನ್ನ ದೇಶದ ಎಣ್ಣೆ ಉತ್ಪಾದನೆ 1970ರ ಸುಮಾರಿಗೆ ನೆತ್ತಿ ಮುಟ್ಟಿ ಇಳಿಯುತ್ತದೆ ಎಂದ. ಹಾಗೇ ಆಯಿತು. ಆದರೆ ಕಲ್ಲಿನ ಪದರ ಒಡೆದು ಎಣ್ಣೆ ಹಿಂಡುವ ವಿದ್ಯೆ ಬಂತು, 2018ರಲ್ಲಿ ಅಮೆರಿಕ ಆ ನೆತ್ತಿಯನ್ನೂ ದಾಟಿತು. 1980ರಲ್ಲಿ ಲೋಕದ ಖಾತೆಯಲ್ಲಿದ್ದ ನಿಕ್ಷೇಪ ಸುಮಾರು 68 ಸಾವಿರ ಕೋಟಿ ಬ್ಯಾರಲ್. ಮುಂದಿನ ನಲವತ್ತು ವರ್ಷದಲ್ಲಿ ಅದಕ್ಕಿಂತ ಹೆಚ್ಚೇ ಸುಟ್ಟರು. 2020ರಲ್ಲಿ ನೋಡಿದರೆ ಖಾತೆ ಬರಿದಾಗುವ ಬದಲು 1 ಲಕ್ಷ 73 ಸಾವಿರ ಕೋಟಿಯಾಗಿತ್ತು!

ಇದು ಪವಾಡ ಅಲ್ಲ. ತೋಟದ ಕೂಲಿಗೆ ಈ ಗುಟ್ಟು ಗೊತ್ತು. ಕಾಫಿ ದರ ಬಿದ್ದ ವರ್ಷ ಉದುರಿದ ಹಣ್ಣಿನ ಕಡೆ ಸಾಹುಕಾರ ತಿರುಗಿಯೂ ನೋಡುವುದಿಲ್ಲ. ದರ ಏರಿದ ವರ್ಷ ನಮ್ಮ ಹೆಂಗಸರ ಸೊಂಟ ಮುರಿಸಿ ಒಂದೊಂದು ಬೀಜ ಹೆಕ್ಕಿಸುತ್ತಾನೆ. ನಿಕ್ಷೇಪ ಎಂಬುದೂ ಅಷ್ಟೆ. ನೆಲದೊಳಗೆ ಇರುವುದೆಲ್ಲ ನಿಕ್ಷೇಪವಲ್ಲ. ಇವತ್ತಿನ ದರಕ್ಕೆ ತೆಗೆದರೆ ಲಾಭ ಬರುವಷ್ಟು ಮಾತ್ರ ನಿಕ್ಷೇಪ. ಸುಲಭದ ಎಣ್ಣೆ ಕರಗುತ್ತಿರುವುದು ನಿಜ. ಆದರೆ ಎಣ್ಣೆಯ ಕೊನೆಯನ್ನು ಬರೆಯುತ್ತಿರುವುದು ಭೂಮಿತಾಯಿಯಲ್ಲ, ಲಾಭದ ಪುಸ್ತಕ.

ಈ ಪುಸ್ತಕದ ಒಂದು ಹಾಳೆ ನಮ್ಮ ಬೆಟ್ಟದ ಮೇಲೇ ಇದೆ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ತಡೆದವು. ಬ್ಯಾರಲಿಗೆ ಸುಮಾರು 3 ಡಾಲರ್ ಇದ್ದದ್ದು 1974ರ ಆರಂಭಕ್ಕೆ 12ರ ಹತ್ತಿರ ಹೋಯಿತು. ನೆಲದ ಎಣ್ಣೆ ಬತ್ತಿದ್ದಕ್ಕೆ ಏರಿದ ದರವಲ್ಲ ಅದು. ಹೀಗೆ ಉಬ್ಬಿದ ದುಡ್ಡಿನಲ್ಲಿ ಇರಾನಿನ ಷಾನ ಸರ್ಕಾರ ಕುದುರೆಮುಖದ ಅದಿರಿಗೆ ಕೈ ಹಾಕಿತು. 63 ಕೋಟಿ ಡಾಲರ್ ಸಾಲ ಕೊಡುತ್ತೇವೆ, ವರ್ಷಕ್ಕೆ 75 ಲಕ್ಷ ಟನ್ ಅದಿರುಪುಡಿ ಕೊಡಿ ಎಂದು ಕರಾರು. 1976ರಲ್ಲಿ ಕಂಪನಿ ಹುಟ್ಟಿತು. 1979ರಲ್ಲಿ ಷಾ ದೇಶಬಿಟ್ಟು ಓಡಿದ, ಕರಾರೂ ಮುರಿಯಿತು. ಬೆಟ್ಟ ಅಗೆಯುವುದು ಮಾತ್ರ ನಿಲ್ಲಲಿಲ್ಲ. ಭದ್ರೆ ಹುಟ್ಟುವ ಮಲೆಯ ಮಣ್ಣು 67 ಕಿಲೋಮೀಟರ್ ಕೊಳವೆಯಲ್ಲಿ ನೀರಿನ ಜೊತೆ ಹರಿದು ಮಂಗಳೂರು ಬಂದರು ಸೇರಿತು.

2002ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಅದಿರು ಮುಗಿದಿತ್ತೇ? ಇಲ್ಲ. ಇವತ್ತೂ ಅದು ಬೆಟ್ಟದೊಳಗಿದೆ. ಕಾಡು ಉಳಿಯಲಿ, ನದಿ ಉಳಿಯಲಿ ಎಂದು ಬಿಡಲಾಯಿತು. ಬಿಟ್ಟದ್ದು ಸರಿಯೇ. ಆದರೆ ಆ ನ್ಯಾಯದ ಬೆಲೆ ತೆತ್ತವರು ಯಾರು? ಗುತ್ತಿಗೆ ಕೂಲಿಯ ಹೆಸರು ಯಾವ ಪುಸ್ತಕದಲ್ಲಿತ್ತು? ಬೆಟ್ಟ ಅಗೆದವರಿಗೆ ರತ್ನಗಂಬಳಿ. ತಲೆಮಾರುಗಳಿಂದ ಅದೇ ಕಾಡಲ್ಲಿ ಬದುಕಿದ ಮಲೆಕುಡಿಯರಿಗೆ, ಇದು ರಾಷ್ಟ್ರೀಯ ಉದ್ಯಾನ, ಜಾಗ ಬಿಡಿ ಎಂಬ ಬುದ್ಧಿವಾದ!

ಎಣ್ಣೆಯ ಕಥೆಯೂ ಇದೇ. 2020ರ ಏಪ್ರಿಲ್ 20ರಂದು ಅಮೆರಿಕದ ಪೇಟೆಯಲ್ಲಿ ಕಚ್ಚಾ ಎಣ್ಣೆಯ ವಾಯಿದೆ ದರ ಸೊನ್ನೆಗಿಂತ ಕೆಳಗಿಳಿಯಿತು, ಮಾರುವವನೇ ದುಡ್ಡು ಕೊಡುವ ಗತಿ ಬಂತು. ನಮಗೇನು ಸಿಕ್ಕಿತು? ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪೆಟ್ರೋಲಿನ ಮೇಲೆ 10, ಡೀಸೆಲಿನ ಮೇಲೆ 13 ರೂಪಾಯಿ ತೆರಿಗೆ ಹೇರಿ ಇಳಿದ ದರವನ್ನು ತಾನೇ ನುಂಗಿತು. ಘಟ್ಟದ ಕೆಳಗೆ ಮಂಗಳೂರು, ಪಾದೂರುಗಳ ಬಂಡೆ ಕೊರೆದು ಮಾಡಿದ ಗುಹೆಗಳಿಗೆ ಅಗ್ಗದ ಎಣ್ಣೆ ಸುರಿಯಿತು. ಎರಡೂ ಸೇರಿ 40 ಲಕ್ಷ ಟನ್ ಹಿಡಿಯುವ ಗುಹೆಗಳು. ಅದೇ ಹೊತ್ತಿಗೆ ಪಡಿತರದ ಸೀಮೆಎಣ್ಣೆಗೆ ಕೊಡುತ್ತಿದ್ದ ಸಬ್ಸಿಡಿಯನ್ನು ಚೂರುಚೂರೇ ಕತ್ತರಿಸಿ ಮುಗಿಸಿಯಾಗಿತ್ತು. ಗುಹೆ ತುಂಬಿತು, ಬುಡ್ಡಿ ಒಣಗಿತು. ಎಣ್ಣೆ ಮುಗಿಯುವುದು ಅಂದರೆ ಇದು.

ಹಾಗಾದರೆ ಇರುವ ಎಣ್ಣೆಯೆಲ್ಲ ತೆಗೆದು ಸುಡೋಣವೇ? ಅದೂ ಆಗದು. ಬಾವಿ ಬತ್ತುವುದಕ್ಕೆ ಮುಂಚೆ ಆಕಾಶ ತುಂಬಿಹೋಗುತ್ತದೆ. ಎಣ್ಣೆ, ಕಲ್ಲಿದ್ದಲು ಸುಟ್ಟ ಹೊಗೆಗೆ ಭೂಮಿ ಕಾಯುತ್ತಿದೆ. ಕಾದ ಗಾಳಿ ಹೆಚ್ಚು ನೀರು ಹೊತ್ತು ಒಮ್ಮೆಗೇ ಸುರಿಯುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿ ಮನೆ, ತೋಟ ಕೊಚ್ಚಿಹೋದವು. ಒಂದು ಕುಸಿತಕ್ಕೆ ಒಂದೇ ಕಾರಣ ಹೇಳುವುದು ಸುಳ್ಳಾದೀತು. ಆದರೆ ಇಂಥ ಮಳೆ ಹೆಚ್ಚುವುದು ಯಾವುದರಿಂದ ಎಂಬುದು ಗುಟ್ಟಲ್ಲ. ಹೂಮಳೆ ಕೈಕೊಟ್ಟರೆ ಪ್ಲಾಂಟರು ಹಳ್ಳಕ್ಕೆ ಪಂಪು ಇಳಿಸಿ ಕಾಫಿ ಅರಳಿಸಿಕೊಳ್ಳುತ್ತಾನೆ. ಮಳೆ ಕೆಟ್ಟ ದಿನ ಕೆಲಸವಿಲ್ಲದ ಕೂಲಿ ಯಾವ ಪಂಪು ತಿರುಗಿಸಬೇಕು?

ಆದ್ದರಿಂದ ಎಣ್ಣೆಯನ್ನು ನೆಲದಲ್ಲೇ ಬಿಡಬೇಕು, ಕುದುರೆಮುಖದ ಅದಿರು ಬಿಟ್ಟ ಹಾಗೆ. ಆದರೆ ಕುದುರೆಮುಖದ ಕೂಲಿಯನ್ನು ಬಿಟ್ಟ ಹಾಗೆ ನಮ್ಮನ್ನು ಬಿಟ್ಟು ಅಲ್ಲ. ಮೊದಲು ಲೈನ್ ಮನೆಯವನಿಗೆ ಮನೆ ಜಾಗದ ಹಕ್ಕುಪತ್ರ, ಸೂರಿನ ಮೇಲೆ ಸೂರ್ಯನ ಕರೆಂಟು, ಕೈಗೆಟುಕುವ ಗ್ಯಾಸು, ಊರೂರಿಗೆ ಸರ್ಕಾರಿ ಬಸ್ಸು. ತ್ಯಾಗದ ಪಾಠ ಜೀಪಿನಿಂದ ಶುರುವಾಗಲಿ, ಬುಡ್ಡಿಯಿಂದ ಅಲ್ಲ.

ಮೇಷ್ಟ್ರುಗಳೇ, ಎಣ್ಣೆ ಎಷ್ಟು ವರ್ಷ ಬರುತ್ತೆ ಅಂತ ಮಕ್ಕಳು ಕೇಳಿದರೆ, ಯಾರಿಗೆ ಅಂತ ತಿರುಗಿ ಕೇಳುವುದನ್ನು ಕಲಿಸಿ.