ಟರ್ಬೊ ಹೋಗಿದೆ ಅನ್ನುವ ಮುನ್ನ ಬಾನೆಟ್ ಒಳಗೆ ಒಮ್ಮೆ ಇಣುಕಿ ಸ್ವಾಮೀ

"ಬರೀ ನೋಡಿದ್ದಕ್ಕೂ ದುಡ್ಡು ಕೊಡ್ತಾರಾ?" ಅಂತ ಕೇಳುವವರ ಮೇಲೆ ನನಗೀಗ ಎಲ್ಲಿಲ್ಲದ ಸಿಟ್ಟು. ಮೊನ್ನೆ ಮೊನ್ನೆಯವರೆಗೂ ಹಾಗೆ ಕೇಳುವವರಲ್ಲಿ ನಾನೂ ಒಬ್ಬನಾಗಿದ್ದೆ ಅನ್ನೋದು ಬೇರೆ ಮಾತು.

ಕಳೆದ ತಿಂಗಳು ಅತ್ತೆ-ಮಾವನನ್ನು ಕೂರಿಸಿಕೊಂಡು ಶ್ರೀರಂಗಪಟ್ಟಣದಿಂದ ಮೇಲುಕೋಟೆಗೆ ಹೊರಟಿದ್ದೆ. ಹದಿಮೂರು ವರ್ಷದ ಡೀಸೆಲ್ ಕಾರು. ಪಾಂಡವಪುರ ದಾಟಿದ ಮೇಲೆ ಮುಂದೊಂದು ಕಬ್ಬಿನ ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೈಲರ್. ಎದುರು ಖಾಲಿ ಇದೆ ಅಂತ ಬಲಕ್ಕೆ ಎಳೆದು ಆಕ್ಸಿಲರೇಟರ್ ತುಳಿದೆ. ಸದ್ದು ಜೋರಾಯ್ತೇ ಹೊರತು ಕಾರು ಮುಂದೆ ಹೋಗಲೇ ಇಲ್ಲ! ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು. ಬ್ರೇಕ್ ಒತ್ತಿ ಮತ್ತೆ ಟ್ರೈಲರ್ ಹಿಂದೆ ನುಸುಳಿಕೊಂಡೆ. ಅತ್ತೆ ಚೆಲುವನಾರಾಯಣನ ಜಪವನ್ನು ಅಲ್ಲಿಂದಲೇ ಶುರು ಮಾಡಿದರು. ಜಕ್ಕನಹಳ್ಳಿ ದಾಟಿ ಏರು ಸಿಕ್ಕ ಮೇಲಂತೂ ಎರಡನೇ ಗೇರು, ಎಸಿ ಬಂದ್, ಕನ್ನಡಿಯಲ್ಲಿ ನೋಡಿದರೆ ಆಲೆಮನೆ ಚಿಮಣಿ ಥರ ಕಪ್ಪು ಹೊಗೆ.

ವಾಪಸ್ ಬಂದಮೇಲೆ ಸಿಕ್ಕವರೆಲ್ಲಾ ಡಾಕ್ಟರುಗಳೇ. ಟೀ ಅಂಗಡಿಯಲ್ಲಿ ಒಬ್ಬರು "ಎಲ್ಲಾ ಈ ಎಥೆನಾಲ್ ಕಾಟ ಕಣಣ್ಣಾ, ನಮ್ ಕಬ್ಬಿಂದೇ ಮಾಡಿ ನಮ್ ಕಾರಿಗೇ ಹಾಕ್ತಾವ್ರೆ" ಅಂದರು. ಎಥೆನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ ಅನ್ನೋದು ನಿಜ. ಶೇ. 20 ಬೆರೆಸಿದರೆ ಮೈಲೇಜು ಸ್ವಲ್ಪ ಇಳಿಯುತ್ತೆ ಅಂತ 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಒಪ್ಪಿಕೊಂಡಿದೆ. ಆದರೆ ನನ್ನದು ಡೀಸೆಲ್ ಕಾರು ಮಾರಾಯ್ರೇ!

ಟೀ ಅಂಗಡಿಯವರನ್ನು ಕ್ಷಮಿಸಬಹುದು. ಮೈಸೂರಿನ ಒಂದು ದೊಡ್ಡ ವರ್ಕ್‌ಶಾಪಿನವರನ್ನು ಹೇಗೆ ಕ್ಷಮಿಸಲಿ? ಕಂಪ್ಯೂಟರ್ ಚುಚ್ಚಿದರು, ಎರಡು ನಿಮಿಷದಲ್ಲಿ ಕೋಡ್ ಬಂತು: ಪಿ0299. "ಟರ್ಬೊ ಹೋಗಿದೆ ಸರ್, ನಲವತ್ತೆರಡು ಸಾವಿರ." ಬಾನೆಟ್ ಎತ್ತಿದ್ದು ಕೂಡ ಇಲ್ಲ.

ಆ ಕೋಡ್ ಹೇಳೋದು ಇಷ್ಟೇ: ಎಂಜಿನ್ನಿಗೆ ಇರಬೇಕಾದಷ್ಟು ಗಾಳಿಯ ಒತ್ತಡ ಇಲ್ಲ. ಯಾಕಿಲ್ಲ ಅಂತ ಅದು ಹೇಳಲ್ಲ. ಥರ್ಮಾಮೀಟರ್ 102 ತೋರಿಸಿದ ಕೂಡಲೇ ಆಪರೇಷನ್ ಮಾಡುವ ಡಾಕ್ಟರನ್ನು ನಾವು ಸುಮ್ಮನೆ ಬಿಡ್ತೀವಾ? ಟರ್ಬೊ ಸತ್ತಿರಬಹುದು. ಏರ್ ಫಿಲ್ಟರ್ ಕಟ್ಟಿರಬಹುದು. ಯಾವುದೋ ವ್ಯಾಕ್ಯೂಮ್ ಪೈಪನ್ನು ಇಲಿ ಕಡಿದಿರಬಹುದು (ಕಬ್ಬಿನ ಗದ್ದೆ ಪಕ್ಕ ಕಾರು ನಿಲ್ಲಿಸುವವರಿಗೆ ಇದು ಹೊಸದಲ್ಲ). ಅಥವಾ ಟರ್ಬೊ ತುಂಬಿದ ಗಾಳಿ ದಾರಿಯಲ್ಲೇ ಸೋರುತ್ತಿರಬಹುದು.

ಕೊನೆಗೆ ಪಟ್ಟಣದಲ್ಲೇ ಒಂದು ತಗಡಿನ ಶೆಡ್ಡಿಗೆ ಹೋದೆ. ವಯಸ್ಸಾದ ಮೆಕ್ಯಾನಿಕ್ಕು. ಮೊದಲು ಕಾರು ಮುಟ್ಟಲೇ ಇಲ್ಲ, ಪ್ರಶ್ನೆ ಕೇಳಿದರು. ಒಂದೇ ದಿನಕ್ಕೆ ಹಿಂಗಾಯ್ತಾ, ನಿಧಾನಕ್ಕಾ? ಹೊಗೆ ಯಾವ ಬಣ್ಣ? ತುಳಿದಾಗ ಉಸ್ಸ್ ಅಂತ ಸದ್ದು ಬರ್ತದಾ? ಆಮೇಲೆ ತಾವೇ ಓಡಿಸಿ ಬಂದರು. ಇಳಿದವರು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿದರು, ಬ್ರೇಕ್ ಹಿಡಿದುಕೊಂಡಿದ್ದರೂ ಕಾರು ಎಳೆಯಲ್ಲವಲ್ಲ. ಕ್ಲಚ್ ಜಾರುತ್ತಿಲ್ಲ ಅಂದರು. ಜಾರಿದ್ದರೆ ಆರ್‌ಪಿಎಂ ಮುಳ್ಳು ಮಾತ್ರ ಓಡುತ್ತೆ, ವೇಗ ಏರಲ್ಲ. ಡೀಸೆಲ್ ಫಿಲ್ಟರ್ ಕಟ್ಟಿದ್ದರೆ ಎಂಜಿನ್ನಿಗೆ ಡೀಸೆಲ್ಲೇ ಸಾಲಲ್ಲ, ಇಷ್ಟು ಕಪ್ಪು ಹೊಗೆ ಎಲ್ಲಿಂದ ಬರಬೇಕು? ಇಲ್ಲಿ ಡೀಸೆಲ್ ಇದೆ, ಗಾಳಿ ಇಲ್ಲ. ಏರ್ ಫಿಲ್ಟರ್ ತೆಗೆದು ನೋಡಿದರೆ ಅದೂ ಸರಿಯಾಗೇ ಇತ್ತು. ಟಾರ್ಚ್ ಹಿಡಿದು ಇಂಟರ್‌ಕೂಲರ್‌ನಿಂದ ಬರುವ ರಬ್ಬರ್ ಪೈಪಿನ ಕೆಳಗೆ ಬೆರಳಾಡಿಸಿದರು. ಬೆರಳಿಗೆ ಎಣ್ಣೆ. ಪೈಪನ್ನು ಅಮುಕಿದಾಗ ಎರಡಿಂಚು ಸೀಳು ಬಾಯಿ ಬಿಟ್ಟಿತು. ಸುಮ್ಮನೆ ನಿಂತಾಗ ಮುಚ್ಚಿಕೊಂಡು, ಒತ್ತಡ ಬಂದಾಗ ಮಾತ್ರ ತೆರೆಯುವ ಸೀಳು. ಒಳಗೆ ಬಂದ ಗಾಳಿಯನ್ನು ಮೊದಲೇ ಅಳೆದ ಕಂಪ್ಯೂಟರ್ ಅಷ್ಟಕ್ಕೂ ಡೀಸೆಲ್ ಬಿಡುತ್ತೆ, ಗಾಳಿ ನಡುವೆಯೇ ಸೋರಿಹೋಗುತ್ತೆ. ಅದೇ ಕಪ್ಪು ಹೊಗೆ.

ಇಂಥವರ ಶೆಡ್ಡುಗಳು ಯಾಕೆ ಮುಚ್ಚುತ್ತಿವೆ ಗೊತ್ತಾ? ಹೊಸ ಕಾರುಗಳ ಬೀಗ ಕಂಪನಿಗಳ ಕೈಯಲ್ಲಿದೆ. ಬಿಡಿಭಾಗಗಳನ್ನೂ ರೋಗ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಆಮೇಲೆ ಅದು ಮೇಲ್ಮನವಿ, ಕೋರ್ಟು ಅಂತ ಎಳೆದಾಡಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು. ಪೋರ್ಟಲ್ಲಿನಿಂದ ಶೆಡ್ಡಿಗೆ ಸ್ಕ್ಯಾನರ್ ಇಳಿದು ಬರಲ್ಲ ಬಿಡಿ.

ಆದರೆ ಕಂಪನಿಗಳನ್ನು ಬೈದು ಕೈತೊಳೆದುಕೊಂಡರೆ ಆಗಲ್ಲ. ಅರ್ಧ ತಪ್ಪು ನಮ್ಮದು. ಹೊಸ ಪಾರ್ಟಿಗೆ ನಲವತ್ತು ಸಾವಿರ ಕೊಡುವಾಗ ಬಿಲ್ಲು ನೋಡಿ ತಲೆಯಾಡಿಸ್ತೀವಿ. ಒಂದು ಗಂಟೆ ತಲೆ ಓಡಿಸಿ "ಇದು ಹಾಳಾಗಿಲ್ಲ, ಇದೂ ಹಾಳಾಗಿಲ್ಲ" ಅಂತ ಹೇಳುವವನಿಗೆ ಐನೂರು ಕೊಡೋಕೆ ಚೌಕಾಸಿ. ಹಾಗಿದ್ದಮೇಲೆ ಯಾರಾದರೂ ಯಾಕೆ ಹುಡುಕುವ ಕಷ್ಟ ತಗೋತಾರೆ? ಪಾರ್ಟ್ ಬದಲಿಸಿ ಅದರಲ್ಲೇ ತಮ್ಮ ಗಂಟೆಯ ಕೂಲಿ ವಸೂಲಿ ಮಾಡ್ತಾರೆ. ಆ ಲೆಕ್ಕ ಕಲಿಸಿದವರು ನಾವೇ.

ಪೈಪಿಗೆ ಸಾವಿರದ ಚಿಲ್ಲರೆ, ಹಾಕಿದ ಕೂಲಿ ಇನ್ನೂರು. "ಹುಡುಕಿದ್ದಕ್ಕೆ ಎಷ್ಟು?" ಅಂದೆ. ಆ ಹಿರಿಯರು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ನಕ್ಕರು. "ಅದ್ಕೆಲ್ಲಾ ಯಾರ್ ಸಾ ಕೊಡ್ತಾರೆ?" ಜೇಬಿಗೆ ಐನೂರರ ನೋಟು ಬಲವಂತವಾಗಿ ತುರುಕಿ ಬಂದೆ. ಮುಂದಿನ ವಾರ ಅತ್ತೆಗೆ ಮತ್ತೆ ಮೇಲುಕೋಟೆಗೆ ಹೋಗಬೇಕಂತೆ, ಹರಕೆ ಹೊತ್ತಿದ್ದಾರಂತೆ :-)